ಫೈಟಿಂಗ್ ಗೇಮ್‌ಗಳಲ್ಲಿ ಪಂಕ್ ಮತ್ತು ವಿಷುವಲ್ ಕೇ ವೇಷಗಳು: ಪದೇ ಪದೇ ಕೇಳುವ ಪ್ರಶ್ನೆಗಳು

‘ದಿ ಕಿಂಗ್ ಆಫ್ ಫೈಟರ್ಸ್’ (ಮುಂದೆ ಕೆಒಎಫ್), ‘ಗಿಲ್ಟಿ ಗಿಯರ್’, ‘ಸ್ಟ್ರೀಟ್ ಫೈಟರ್’ ಆಡುವವರು ಪಾತ್ರಗಳ ಬಟ್ಟೆಬರೆ ನೋಡಿ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಕೆಲವಕ್ಕೆ ಉತ್ತರ ಉದ್ದ ಇದೆ, ಕೆಲವಕ್ಕೆ ಎರಡು ಸಾಲು ಸಾಕು. ಕೆಒಎಫ್‌ನ ಪಾತ್ರ ಇಯೋರಿ ಯಾಗಮಿ ಬಗ್ಗೆಯೇ ಜಾಸ್ತಿ ಇದೆ, ಅದು ಬೇಕಂತಲೇ.

ವಿಷುವಲ್ ಕೇ ಅಂದ್ರೆ ಏನು?

ಜಪಾನಿನ ರಾಕ್ ಬ್ಯಾಂಡ್‌ಗಳಲ್ಲಿ ಹುಟ್ಟಿದ ಒಂದು ಪಂಥ ಅನ್ನಬಹುದು. ಇಲ್ಲಿ ಹಾಡಿಗೆ ಎಷ್ಟು ಬೆಲೆಯೋ ವೇಷಕ್ಕೂ ಅಷ್ಟೇ ಬೆಲೆ. ಮುಖಕ್ಕೆ ದಪ್ಪ ಮೇಕಪ್, ಕಣ್ಣ ಸುತ್ತ ಕಪ್ಪು, ಸ್ಪ್ರೇ ಹೊಡೆದು ಮೇಲಕ್ಕೆ ನಿಲ್ಲಿಸಿದ ಬಣ್ಣದ ಕೂದಲು, ಲೇಸು, ಚರ್ಮ, ಸರಪಳಿ. 1982ರಲ್ಲಿ ಯೋಶಿಕಿ ಮತ್ತು ತೋಶಿ ಕಟ್ಟಿದ ಎಕ್ಸ್ ಬ್ಯಾಂಡು ಇದರಲ್ಲಿ ದೊಡ್ಡ ಹೆಸರು. 1992ರಿಂದ ಅವರು ಎಕ್ಸ್ ಜಪಾನ್ ಆದರು. 1989ರ ಅವರ ಆಲ್ಬಂ ಮೇಲೆ ‘ಸೈಕೆಡೆಲಿಕ್ ವಯಲೆನ್ಸ್ ಕ್ರೈಮ್ ಆಫ್ ವಿಷುವಲ್ ಶಾಕ್’ ಎಂಬ ಘೋಷಣೆ ಇತ್ತು. ಮುಂದಿನ ವರ್ಷ ಶುರುವಾದ ‘ಶಾಕ್ಸ್’ ಪತ್ರಿಕೆ ಇಂಥ ಬ್ಯಾಂಡ್‌ಗಳ ಫೋಟೋಗಳನ್ನು ಪುಟ ತುಂಬ ಹಾಕಿ ಇದಕ್ಕೊಂದು ಗುರುತು ಕೊಟ್ಟಿತು. ಬಕ್-ಟಿಕ್, ಲೂನಾ ಸೀ, ಮಾಲಿಸ್ ಮಿಜರ್, ದಿರ್ ಎನ್ ಗ್ರೇ ಎಲ್ಲ ಇದೇ ದಾರಿಯಲ್ಲಿ ಬಂದವರು.

ಇದರ ಬೇರು ಒಂದೇ ಕಡೆ ಇಲ್ಲ. ಬ್ರಿಟನ್ನಿನ ಗ್ಲ್ಯಾಮ್ ರಾಕ್ ಇದೆ, ಅಮೆರಿಕದ ಹೆವಿ ಮೆಟಲ್ ಇದೆ, ಗಂಡಸರೇ ಸ್ತ್ರೀವೇಷ ಹಾಕುವ ಜಪಾನಿನ ಕಬುಕಿ ನಾಟಕವೂ ಇದೆ. ತಮಾಷೆ ಏನಂದ್ರೆ, ಗ್ಲ್ಯಾಮ್‌ನ ದೊಡ್ಡಣ್ಣ ಡೇವಿಡ್ ಬೋವಿ 1973ರಲ್ಲಿ ತೊಟ್ಟ ಬಟ್ಟೆಗಳನ್ನು ಮಾಡಿಕೊಟ್ಟವರು ಜಪಾನಿನ ಕನ್ಸಾಯ್ ಯಮಮೊತೊ, ಅದೂ ಕಬುಕಿ ನೋಡಿಕೊಂಡು. ಅಂದ್ರೆ ಜಪಾನಿನ ಹುಡುಗರು ಲಂಡನ್ನಿನಿಂದ ತರಿಸಿಕೊಂಡಿದ್ದರಲ್ಲಿ ಅರ್ಧ ಮನೆಯದೇ ಮಾಲು.

ಪಂಕ್ ಬೇರೆ, ವಿಷುವಲ್ ಕೇ ಬೇರೆ ಅಲ್ವಾ? ಗೇಮ್ ನೋಡುವಾಗ ಹೇಗೆ ಗುರುತಿಸೋದು?

ಬೇರೆಯೇ. ಪಂಕ್ ಲಂಡನ್ ಮತ್ತು ನ್ಯೂಯಾರ್ಕಿನದು, 1970ರ ದಶಕದ ಮಧ್ಯದ್ದು. ಹರಿದ ಟೀಶರ್ಟು, ಸೇಫ್ಟಿ ಪಿನ್ನು, ತಲೆಯ ನಡುವೆ ಮಾತ್ರ ಸಾಲಾಗಿ ನಿಲ್ಲಿಸಿದ ಮೊಹಾಕ್ ಕೂದಲು. ನೋಡಿದವರಿಗೆ ಸಿಟ್ಟು ಬರಬೇಕು, ಅದೇ ಉದ್ದೇಶ. ವಿಷುವಲ್ ಕೇಯಲ್ಲಿ ಹರಿದಿದ್ದು ಕೂಡ ಅಳತೆ ತೆಗೆದು ಹರಿದ ಹಾಗಿರುತ್ತೆ. ನೋಡಿದವರು ಬಾಯಿ ಬಿಡಬೇಕು.

ಗೇಮ್‌ಗಳಲ್ಲಿ ನನಗೆ ಕಂಡ ಗುರುತು ಇನ್ನೂ ಸುಲಭ. ಅಪ್ಪಟ ಪಂಕ್ ವೇಷದವನು ಸಾಮಾನ್ಯವಾಗಿ ಪುಂಡ. ಯಾರದೋ ಗ್ಯಾಂಗಿನ ಆಳು, ದಪ್ಪ ಮೈ, ಕೊಳಕು ಬಾಯಿ. ವಿಷುವಲ್ ಕೇ ವೇಷದವನು ರಾಜಕುಮಾರ. ಹಳೇ ಮನೆತನ, ಶಾಪ, ರೋಗ, ಸೇಡು ಎಲ್ಲ ಅವನ ಪಾಲಿಗೆ. ಎಲ್ಲ ಕಡೆ ಹೀಗೇ ಅಂತಲ್ಲ, ಆದರೆ ಹತ್ತು ಗೇಮ್ ನೋಡಿದರೆ ನಿಮಗೇ ಗೊತ್ತಾಗುತ್ತೆ.

ಮೊದಲ ಪಂಕ್ ಯಾರು?

ಹೆಸರಾದವರಲ್ಲಿ ಬರ್ಡಿ. 1987ರ ಮೊದಲ ‘ಸ್ಟ್ರೀಟ್ ಫೈಟರ್’ನಲ್ಲಿ ಇಂಗ್ಲೆಂಡಿನ ಎದುರಾಳಿಯಾಗಿ ಮೊಹಾಕ್ ಬಿಟ್ಟುಕೊಂಡು ಬಂದ. ಆಗ ಬಿಳಿಯ. 1995ರ ‘ಸ್ಟ್ರೀಟ್ ಫೈಟರ್ ಆಲ್ಫಾ’ದಲ್ಲಿ ಅವನೇ ಕಪ್ಪು ಮೈಬಣ್ಣ, ಕೈಗೆ ಸರಪಳಿ ಜೊತೆ ವಾಪಸ್ಸು. ಇದಕ್ಕೆ ಗೇಮ್ ಕೊಡುವ ಕಾರಣ ಕೇಳಿ: ಆಗ ಹುಷಾರಿರಲಿಲ್ಲವಂತೆ, ಬಿಳಿಚಿಕೊಂಡಿದ್ದನಂತೆ. ಈ ಗೇಮ್ ಮಾಡುವ ಕ್ಯಾಪ್‌ಕಾಮ್‌ನವರ ಧೈರ್ಯ ಮೆಚ್ಚಬೇಕು.

1989ರ ‘ಫೈನಲ್ ಫೈಟ್’ ಕೂಡ ಇಲ್ಲಿ ಹೇಳಲೇಬೇಕು. ಅದು ಒಬ್ಬರಿಗೊಬ್ಬರು ಕಾದಾಡುವ ಗೇಮ್ ಅಲ್ಲ, ಬೀದಿ ಉದ್ದಕ್ಕೂ ಹೊಡೆಯುತ್ತಾ ಹೋಗುವಂಥದ್ದು. ಅದರ ಪುಂಡರ ಹೆಸರು ನೋಡಿ: ಆಕ್ಸಲ್, ಸ್ಲ್ಯಾಶ್, ಪಾಯ್ಸನ್, ಸೋಡಮ್, ಅಬಿಗೇಲ್. ಎಲ್ಲವೂ ರಾಕ್, ಮೆಟಲ್ ಲೋಕದಿಂದ ಎತ್ತಿಕೊಂಡಿದ್ದು. ಇವರಲ್ಲಿ ಸೋಡಮ್, ಪಾಯ್ಸನ್, ಅಬಿಗೇಲ್ ಮುಂದೆ ‘ಸ್ಟ್ರೀಟ್ ಫೈಟರ್’ಗೇ ಬಂದರು.

ಇಯೋರಿ ತನ್ನ ಪ್ಯಾಂಟಿನ ಎರಡೂ ಕಾಲಿಗೆ ಸೇರಿಸಿ ಪಟ್ಟಿ ಯಾಕೆ ಕಟ್ಟಿಕೊಂಡಿದ್ದಾನೆ?

ಅತಿ ಹೆಚ್ಚು ಜನ ಕೇಳೋದು ಇದನ್ನೇ. ಅದು ಗೇಮ್‌ನವರ ಹುಚ್ಚು ಕಲ್ಪನೆ ಅಲ್ಲ. ಅಂಥ ಪ್ಯಾಂಟು ನಿಜವಾಗಿಯೂ ಇದೆ. ಬಾಂಡೇಜ್ ಪ್ಯಾಂಟ್ ಅಂತಾರೆ.

ಲಂಡನ್ನಿನ ಕಿಂಗ್ಸ್ ರೋಡ್, 430ನೇ ನಂಬರಿನ ಅಂಗಡಿ. ಅದನ್ನು ನಡೆಸುತ್ತಿದ್ದವರು ವಿವಿಯನ್ ವೆಸ್ಟ್‌ವುಡ್ ಮತ್ತು ಮಾಲ್ಕಮ್ ಮೆಕ್‌ಲ್ಯಾರೆನ್. ಈ ಮೆಕ್‌ಲ್ಯಾರೆನ್ನೇ ಸೆಕ್ಸ್ ಪಿಸ್ಟಲ್ಸ್ ಬ್ಯಾಂಡಿನ ಮ್ಯಾನೇಜರ್ ಕೂಡ. ಅಂಗಡಿಯ ಬೋರ್ಡು ಆಗಾಗ ಬದಲಾಗುತ್ತಿತ್ತು, ಬಟ್ಟೆಯೂ ಬದಲಾಗುತ್ತಿತ್ತು. 1976ರ ಸುಮಾರಿಗೆ ಅಲ್ಲಿ ಹೊಲಿದು ಮಾರಿದ್ದೇ ಈ ಪ್ಯಾಂಟು. ಬೇಡದ ಕಡೆ ಜಿಪ್ಪು, ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಪಟ್ಟಿ. ಓಡಾಡೋಕೆ ಕಷ್ಟ. ಕಷ್ಟ ಆಗಲಿ ಅಂತಲೇ ಮಾಡಿದ್ದು. ಕೈದಿಯ ಕಟ್ಟು, ಹುಚ್ಚಾಸ್ಪತ್ರೆಯ ಅಂಗಿ, ಸೈನಿಕರ ಪ್ಯಾಂಟು ಎಲ್ಲ ಕಲಸಿ ಹೊಲಿದ ಹಾಗಿದೆ.

ಎಸ್ಎನ್‌ಕೆ ಕಂಪನಿ 1995ರಲ್ಲಿ ‘ಕೆಒಎಫ್ 95’ಕ್ಕೆ ಇಯೋರಿಯನ್ನು ತಂದಾಗ ಈ ಪ್ಯಾಂಟನ್ನು ಕೆಂಪು ಬಣ್ಣದಲ್ಲಿ ತೊಡಿಸಿತು. ಮೇಲೆ ಗಿಡ್ಡ ಕಪ್ಪು ಜಾಕೆಟ್, ಬೆನ್ನ ಮೇಲೆ ಅರ್ಧಚಂದ್ರ. ಜಾಕೆಟ್‌ನ ಕೆಳಗೆ ಬಿಳಿ ಅಂಗಿಯ ತುದಿ ಜೋತಾಡುತ್ತಿರುತ್ತೆ. ಮುಖದ ಮೇಲೆ ಕೆಂಪು ಕೂದಲು. ಈಗ ಮೇಲಿನ ಪುಂಡ, ರಾಜಕುಮಾರ ಲೆಕ್ಕ ನೆನಪಿಸಿಕೊಳ್ಳಿ. ಇಯೋರಿ ಸೊಂಟದಿಂದ ಕೆಳಗೆ ಪಂಕ್, ಕತ್ತಿನಿಂದ ಮೇಲೆ ವಿಷುವಲ್ ಕೇ. ಅವನ ಕತೆಯೂ ಹಾಗೇ ಇದೆ. ಯಾಗಮಿ ಅನ್ನೋದು ಶತಮಾನಗಳ ಮನೆತನ. ಒರೋಚಿ ಎಂಬ ಶಕ್ತಿಯ ಜೊತೆ ಮಾಡಿಕೊಂಡ ಒಪ್ಪಂದದಿಂದ ಅವರ ರಕ್ತವೇ ಕೆಟ್ಟಿದೆ, ಬೆಂಕಿ ನೇರಳೆ ಬಣ್ಣಕ್ಕೆ ತಿರುಗಿದೆ. ಇವನಿಗೆ ಆ ಮನೆತನವೂ ಬೇಡ, ಒರೋಚಿಯೂ ಬೇಡ. ಎದುರಾಳಿ ಮನೆತನದ ಕ್ಯೋ ಕುಸನಗಿಯನ್ನು ಮುಗಿಸಿದರೆ ಸಾಕು. ಕಟ್ಟಿ ಹಾಕಿದ್ದನ್ನು ಕಟ್ಟಿಕೊಂಡೇ ಓಡಾಡುವವನು. ಅವನ ಕಾಲಿಗೆ ಆ ಪಟ್ಟಿ ಸರಿಯಾಗಿಯೇ ಕೂತಿದೆ.

ಕಾಲು ಕಟ್ಟಿಕೊಂಡು ಒದೆಯೋಕೆ ಆಗುತ್ತಾ?

ಆಗಲ್ಲ. ಗೇಮ್‌ನಲ್ಲಿ ಆಗುತ್ತೆ.

ಒಂದು ಕಣ್ಣು ಮುಚ್ಚುವ ಕೂದಲು ಇಷ್ಟೊಂದು ಪಾತ್ರಗಳಿಗೆ ಯಾಕೆ?

ವಿಷುವಲ್ ಕೇ ಗಿಟಾರಿಸ್ಟುಗಳ ಫೋಟೋ ನೋಡಿದರೆ ಅರ್ಧ ಉತ್ತರ ಸಿಗುತ್ತೆ. ಇನ್ನರ್ಧ ಚಿತ್ರ ಬರೆಯುವವರ ಅನುಕೂಲ. ಕೂದಲು ಮುಖಕ್ಕೆ ಬಿದ್ದರೆ ಪಾತ್ರ ಏನು ಯೋಚಿಸುತ್ತಿದೆ ಅಂತ ಗೊತ್ತಾಗಲ್ಲ, ಕೇಡಿಯೋ ಒಳ್ಳೆಯವನೋ ಅನ್ನೋದು ತೂಗುತ್ತಲೇ ಇರುತ್ತೆ. ‘ಕೆಒಎಫ್ 97’ರ ಶೆರ್ಮಿಗಂತೂ ಎರಡೂ ಕಣ್ಣು ಕಾಣಿಸಲ್ಲ.

ಒಂದು ಸಣ್ಣ ಆಟ ಆಡಿ ನೋಡಿ. ಇಯೋರಿಯನ್ನು ಎದುರಾಳಿಯ ಮೇಲಿಂದ ಹಾರಿಸಿ ಆ ಕಡೆ ನಿಲ್ಲಿಸಿ. ಮುಚ್ಚಿದ ಕಣ್ಣು ಬದಲಾಗಿರುತ್ತೆ! ಹಳೇ 2ಡಿ ಗೇಮ್‌ಗಳಲ್ಲಿ ಒಂದೇ ಚಿತ್ರವನ್ನು ಕನ್ನಡಿಯಲ್ಲಿ ತಿರುಗಿಸಿದ ಹಾಗೆ ಬಳಸುತ್ತಾರೆ. ಎರಡೂ ಬದಿಗೆ ಬೇರೆ ಬೇರೆ ಬರೆದರೆ ಕೆಲಸವೂ ಮೆಮೊರಿಯೂ ದುಪ್ಪಟ್ಟು. ‘ಕೆಒಎಫ್ 99’ರ ಕೆ ಡ್ಯಾಶ್‌ನ ಕೆಂಪು ಕೈಗವಸೂ ಹೀಗೇ ಕೈ ಬದಲಾಯಿಸುತ್ತೆ. 1997ರ ‘ಸ್ಟ್ರೀಟ್ ಫೈಟರ್ 3’ರ ಗಿಲ್ ಮಾತ್ರ ಬೇರೆ ಥರ. ಅವನ ಮೈ ಅರ್ಧ ಕೆಂಪು, ಅರ್ಧ ನೀಲಿ. ಯಾವ ಕಡೆ ತಿರುಗಿದರೂ ಬಣ್ಣ ಅದಲುಬದಲಾಗದ ಹಾಗೆ ಕಷ್ಟಪಟ್ಟು ಮಾಡಿದ್ದಾರೆ.

ಇಯೋರಿ ಸಂಗೀತಗಾರ ಅಂತಾರೆ, ನಿಜಾನಾ?

ನಿಜ. ಅವನ ಅಧಿಕೃತ ಪರಿಚಯದಲ್ಲೇ ಬ್ಯಾಂಡು ಹವ್ಯಾಸ ಅಂತಿದೆ. ನುಡಿಸೋದು ಬೇಸ್ ಗಿಟಾರ್. ಅದೇ ಪರಿಚಯದಲ್ಲಿ ಅವನಿಗೆ ಇಷ್ಟವಿಲ್ಲದ್ದು ಹಿಂಸೆ ಅಂತಲೂ ಬರೆದಿದೆ. ಎದುರಾಳಿಯನ್ನು ಹಿಡಿದು ಉಗುರಿನಲ್ಲಿ ಪರಚಿ ಸುಡುವವನು!

ಆದರೆ ಅವನ ಥೀಮ್ ಕೇಳಿದರೆ ರಾಕ್ ಇಲ್ಲ. ‘ಅರಾಶಿ ನೊ ಸ್ಯಾಕ್ಸೊಫೋನ್’ ಹೆಸರಿನ ಜಾಝ್ ಅದು. ನನ್ನ ಪ್ರಕಾರ ಎಸ್ಎನ್‌ಕೆಯವರ ದೊಡ್ಡ ಜಾಣತನ ಇಲ್ಲೇ ಇದೆ. ಆ ಬಟ್ಟೆಗೆ ಗಿಟಾರ್ ಹಾಕಿದ್ದರೆ ಅವನು ಬ್ಯಾಂಡಿನ ಇನ್ನೊಬ್ಬ ಹುಡುಗ ಅಷ್ಟೇ ಆಗುತ್ತಿದ್ದ. ಸ್ಯಾಕ್ಸೊಫೋನ್ ಬಂದಿದ್ದಕ್ಕೆ ರಾತ್ರಿ ಹೊತ್ತು ಒಬ್ಬನೇ ತಿರುಗುವವನ ಹಾಗೆ ಕಾಣುತ್ತಾನೆ.

ಕೆಒಎಫ್‌ನಲ್ಲಿ ಬೇರೆ ಬ್ಯಾಂಡಿನವರೂ ಇದ್ದಾರಾ?

ಇದ್ದಾರೆ. ‘ಕೆಒಎಫ್ 97’ರಲ್ಲಿ ಬಂದ ಯಶಿರೊ, ಶೆರ್ಮಿ, ಕ್ರಿಸ್ ಮೂವರೂ ಒಂದೇ ಬ್ಯಾಂಡು. ಹೆಸರು ಸಿವೈಎಸ್, ಮೂವರ ಮೊದಲಕ್ಷರ ಸೇರಿಸಿ. ಹೊಸಬರ ತಂಡ ಅಂತ ಒಳಗೆ ಬಂದು, ಕೊನೆಗೆ ಒರೋಚಿಯ ಕಡೆಯವರು ಅಂತ ಬಯಲಾಗುತ್ತೆ. ಕೆ ಡ್ಯಾಶ್ ಬ್ಯಾಂಡಿನವನಲ್ಲ. ಆದರೆ ಮೈಗಂಟಿದ ಕಪ್ಪು ಚರ್ಮದ ಬಟ್ಟೆ, ಬಿಳಿ ಕೂದಲು, ಕಪ್ಪು ಕನ್ನಡಕ ನೋಡಿದರೆ ಸ್ಟೇಜಿನಿಂದ ಇಳಿದು ಬಂದ ಹಾಗೇ ಇದ್ದಾನೆ. ಆ ಕನ್ನಡಕವನ್ನೇ ತೆಗೆದು ಎದುರಾಳಿ ಮೇಲೆ ಎಸೆಯುವ ಸೂಪರ್ ಮೂವ್ ಕೂಡ ಇದೆ.

ಇಷ್ಟೊಂದು ಬೆಲ್ಟು, ಪಟ್ಟಿ, ಸರಪಳಿ ಯಾಕೆ? ಸುಮ್ನೆ ಸ್ಟೈಲಿಗಾ?

ಸ್ಟೈಲು ಇದ್ದೇ ಇದೆ. ಆದರೆ ಆ ಪಟ್ಟಿಗಳು ಕೆಲಸವನ್ನೂ ಮಾಡುತ್ತವೆ.

ಕೆಒಎಫ್ ಓಡುತ್ತಿದ್ದುದು ನಿಯೊ ಜಿಯೊ ಯಂತ್ರದ ಮೇಲೆ. 1990ರದ್ದು. ಪರದೆಯಲ್ಲಿ ಅಗಲಕ್ಕೆ 320 ಚುಕ್ಕಿ, ಎತ್ತರಕ್ಕೆ 224. ಒಂದು ಪ್ಯಾಲೆಟ್‌ನಲ್ಲಿ, ಅಂದ್ರೆ ಬಣ್ಣದ ಪಟ್ಟಿಯಲ್ಲಿ, 16 ಜಾಗ, ಅದರಲ್ಲಿ ಒಂದು ಪಾರದರ್ಶಕಕ್ಕೆ. ಉಳಿದ 15 ಬಣ್ಣದಲ್ಲೇ ಚರ್ಮ, ಕೂದಲು, ಬಟ್ಟೆ, ನೆರಳು ಎಲ್ಲ ಬರಬೇಕು. ಅಷ್ಟು ಚಿಕ್ಕ ಜಾಗದಲ್ಲಿ ಮುಖದ ಭಾವ ತೋರಿಸೋದು ಕಷ್ಟ. ಹೊರಗೆರೆ ನೋಡಿದ ಕೂಡಲೇ ಇವನು ಇಂಥವನು ಅಂತ ಗೊತ್ತಾಗಬೇಕು. ದೊಡ್ಡ ಕೂದಲು, ಜೋತಾಡುವ ಅಂಗಿ ತುದಿ, ಕಾಲ ನಡುವಿನ ಪಟ್ಟಿ ಹೊರಗೆರೆಯನ್ನು ಮುರಿದು ಅವನದೇ ಆಕಾರ ಕೊಡುತ್ತವೆ. ಬ್ಯಾಂಡಿನವರಿಗೂ ಇದೇ ಫಜೀತಿ ಇತ್ತು. ಟೋಕಿಯೊದ ಬ್ಯಾಂಡ್‌ಗಳು ಹಾಡುವ ಕಿಕ್ಕಿರಿದ ಪುಟ್ಟ ಲೈವ್ ಹೌಸಿನಲ್ಲಿ ಹಿಂದೆ ನಿಂತವನಿಗೆ ಕಾಣೋದು ಕೂದಲು ಮತ್ತು ಭುಜ ಮಾತ್ರ. ಕಾಸು ಹಾಕಿ ಗೇಮ್ ಆಡುವ ಆರ್ಕೇಡಿನಲ್ಲಿ ಆಡುತ್ತಿರುವವನ ಹೆಗಲ ಮೇಲಿಂದ ಇಣುಕುವವನಿಗೂ ಅಷ್ಟೇ.

ಇನ್ನೊಂದು ಕೆಲಸ ಏಟಿನದು. ಈ ಗೇಮ್‌ಗಳು ಸೆಕೆಂಡಿಗೆ 60 ಫ್ರೇಮ್ ಓಡುತ್ತವೆ. ಒಂದು ಗುದ್ದು ತಾಗುವುದು ಕೆಲವೇ ಫ್ರೇಮಿನಲ್ಲಿ. ಕೈ ನಿಂತ ಮೇಲೂ ಕೂದಲು, ಬೆಲ್ಟು ಮುಂದಕ್ಕೆ ಹೋಗಿ ವಾಪಸ್ಸು ಬಂದರೆ ಆ ಏಟಿಗೆ ತೂಕ ಬರುತ್ತೆ. ‘ಸ್ಟ್ರೀಟ್ ಫೈಟರ್’ನ ಕರಾಟೆ ಬಟ್ಟೆಯ ರ್ಯುಗೆ ತಲೆಪಟ್ಟಿಯ ತುದಿ ಮಾಡುವ ಕೆಲಸವನ್ನು ಈ ಹುಡುಗರಿಗೆ ಹತ್ತು ಬೆಲ್ಟು ಸೇರಿ ಮಾಡುತ್ತವೆ.

‘ಗಿಲ್ಟಿ ಗಿಯರ್’ ವಿಷುವಲ್ ಕೇನಾ, ಮೆಟಲ್ಲಾ?

ಹೆಸರಿನಲ್ಲಿ ಮೆಟಲ್, ಬಟ್ಟೆಯಲ್ಲಿ ಎರಡೂ. 1998ರಲ್ಲಿ ಆರ್ಕ್ ಸಿಸ್ಟಮ್ ವರ್ಕ್ಸ್ ಪ್ಲೇಸ್ಟೇಷನ್‌ಗೆ ತಂದ ಗೇಮ್ ಇದು. ದೈಸುಕೆ ಇಶಿವತಾರಿ ಪಾತ್ರಗಳನ್ನೂ ಬರೆದರು, ಸಂಗೀತವನ್ನೂ ಮಾಡಿದರು. ಹಾಗಾಗಿಯೇ ಬಟ್ಟೆಗೂ ಗಿಟಾರಿಗೂ ಒಂದೇ ಕೈಯ ರುಚಿ ಇದೆ.

ನಾಯಕ ಸೋಲ್ ಬ್ಯಾಡ್‌ಗೈ ಹೆಸರು ಕ್ವೀನ್ ಬ್ಯಾಂಡಿನ ಹಾಡುಗಾರ ಫ್ರೆಡ್ಡಿ ಮರ್ಕ್ಯುರಿಯ 1985ರ ‘ಮಿಸ್ಟರ್ ಬ್ಯಾಡ್ ಗೈ’ ಆಲ್ಬಮ್ಮಿನಿಂದ ಬಂದಿದ್ದು. ಅವನ ನಿಜ ಹೆಸರೂ ಫ್ರೆಡರಿಕ್ ಅಂತಲೇ. ಪಕ್ಕದ ಮಹಾರಾಷ್ಟ್ರದ ಪಂಚಗಣಿಯಲ್ಲಿ ಓದಿದ ಫ್ರೆಡ್ಡಿಯ ನೆರಳು ಜಪಾನಿನ ಫೈಟಿಂಗ್ ಗೇಮ್‌ನ ನಾಯಕನ ಮೇಲೆ! ತಲೆಪಟ್ಟಿಯ ಮೇಲೆ ‘ರಾಕ್ ಯು’, ಬೆಲ್ಟ್ ಬಕಲ್ ಮೇಲೆ ‘ಫ್ರೀ’. ಕೈ ಕಿಸ್ಕೆ ಎಂಬ ಪಾತ್ರದ ಹೆಸರು ಹೆಲೋವೀನ್ ಬ್ಯಾಂಡಿನ ಕೈ ಹ್ಯಾನ್ಸನ್ ಮತ್ತು ಮೈಕಲ್ ಕಿಸ್ಕೆ ಸೇರಿ ಆದದ್ದು. ಆಕ್ಸಲ್ ಲೋ ಲಂಡನ್ನಿನವನು, ಬ್ರಿಟಿಷ್ ಬಾವುಟವನ್ನೇ ಮೈಮೇಲೆ ಹಾಕಿಕೊಂಡವನು. ಝಾಟೋ ಎಂಬ ಪಾತ್ರದ ನೆರಳಿನಲ್ಲಿ ಇರುವ ಎಡ್ಡಿಗೆ ಐರನ್ ಮೇಡನ್ ಬ್ಯಾಂಡಿನ ಗೊಂಬೆಯ ಹೆಸರು. 2007ರ ಮಾರ್ಚ್‌ನಲ್ಲಿ ಬೆಂಗಳೂರಿನ ಅರಮನೆ ಮೈದಾನಕ್ಕೆ ಐರನ್ ಮೇಡನ್ ನೋಡೋಕೆ ಹೋದವರಿಗೆ ಎಡ್ಡಿ ಯಾರು ಅಂತ ಹೇಳಬೇಕಿಲ್ಲ.

ಹೆಸರಿಗೂ ವೇಷಕ್ಕೂ ತಾಳೆ ಆಗಲೇಬೇಕು ಅಂತೇನಿಲ್ಲ. ಸ್ಲೇಯರ್ ಅಂತ ಗಡುಸು ಹೆಸರಿಟ್ಟುಕೊಂಡವನು ಸೂಟು, ಹೆಗಲ ಮೇಲೆ ನಿಲುವಂಗಿ, ಬಾಯಲ್ಲಿ ಪೈಪು ಇಟ್ಟುಕೊಂಡ ಮರ್ಯಾದಸ್ಥ ರಕ್ತಪಿಶಾಚಿ.

3ಡಿ ಬಂದ ಮೇಲೆ ಬೆಲ್ಟುಗಳ ಗತಿ?

ಜಾಸ್ತಿ ಆದವು. 2014ರ ‘ಗಿಲ್ಟಿ ಗಿಯರ್ ಎಕ್ಸ್‌ಆರ್‌ಡಿ’ 3ಡಿ ಮಾದರಿಗಳಲ್ಲೇ ಮಾಡಿದ ಗೇಮ್, ಆದರೆ ಕೈಯಲ್ಲಿ ಬರೆದ ಹಾಗೆ ಕಾಣುತ್ತೆ. ಅದನ್ನು ಹೇಗೆ ಮಾಡಿದರು ಅಂತ ಅದನ್ನು ಮಾಡಿದವರಲ್ಲಿ ಒಬ್ಬರಾದ ಜುನ್ಯಾ ಮೊತೊಮುರಾ 2015ರಲ್ಲಿ ಗೇಮ್ ತಯಾರಕರ ಜಿಡಿಸಿ ಸಮ್ಮೇಳನದಲ್ಲಿ ವಿವರಿಸಿದ್ದಾರೆ. ಎರಡು ಭಂಗಿಗಳ ನಡುವಿನ ಚಲನೆಯನ್ನು ಕಂಪ್ಯೂಟರಿಗೆ ಬಿಡದೆ ಭಂಗಿ ಭಂಗಿಯನ್ನೂ ಕೈಯಾರೆ ಜೋಡಿಸಿದ್ದಾರೆ. ಬಟ್ಟೆ ಮೇಲೆ ಬೆಳಕು ಎಲ್ಲಿ ನಿಲ್ಲಬೇಕು, ನೆರಳು ಎಲ್ಲಿ ಬೀಳಬೇಕು ಅನ್ನೋದನ್ನೂ ಕೈಯಲ್ಲೇ ತಿದ್ದಿದ್ದಾರೆ. 2021ರ ‘ಗಿಲ್ಟಿ ಗಿಯರ್ ಸ್ಟ್ರೈವ್’ ಕೂಡ ಅದೇ ದಾರಿ.

ಗಂಡೋ ಹೆಣ್ಣೋ ಗೊತ್ತಾಗದ ಪಾತ್ರಗಳು ಇಲ್ಲಿ ಇಷ್ಟು ಯಾಕೆ?

ವಿಷುವಲ್ ಕೇಯಲ್ಲೇ ಅದು ಇದೆ. ಮಾಲಿಸ್ ಮಿಜರ್ ಬ್ಯಾಂಡಿನ ಮನಾ ಗಂಡಸು. ಸ್ಟೇಜಿನ ಮೇಲೆ ಬರುತ್ತಿದ್ದುದು ಲೇಸಿನ ಗೌನು ತೊಟ್ಟ ಗೊಂಬೆಯ ಹಾಗೆ. ಜನರೆದುರು ಮಾತೂ ಆಡುತ್ತಿರಲಿಲ್ಲ. 1999ರಲ್ಲಿ ‘ಮುವಾ-ಮೆಮ್-ಮುವಾತಿಯೆ’ ಅಂತ ಬಟ್ಟೆ ಕಂಪನಿಯನ್ನೇ ಶುರು ಮಾಡಿದರು. ಗೇಮ್ ಚಿತ್ರಕಾರರು ದಿನಾ ನೋಡುತ್ತಿದ್ದ ಪತ್ರಿಕೆ, ಟೀವಿಯಲ್ಲಿ ಇದೆಲ್ಲ ಇತ್ತು.

ಕೆಒಎಫ್‌ನ ಆಶ್ ಕ್ರಿಮ್ಸನ್ (2003) ಉಗುರಿಗೆ ಬಣ್ಣ ಹಚ್ಚಿಕೊಂಡು ಬಂದ ನಾಯಕ. ‘ಗಿಲ್ಟಿ ಗಿಯರ್’ನ ಟೆಸ್ಟಮೆಂಟ್ 1998ರಲ್ಲೇ ಉದ್ದ ಕಪ್ಪು ಕೂದಲು, ಕೈಯಲ್ಲಿ ಕುಡುಗೋಲು ಹಿಡಿದು ಬಂದ ಪಾತ್ರ. 2022ರಲ್ಲಿ ‘ಸ್ಟ್ರೈವ್’ಗೆ ಮರಳಿದಾಗ ಗಂಡೂ ಅಲ್ಲ ಹೆಣ್ಣೂ ಅಲ್ಲ ಅಂತ ಕಂಪನಿಯೇ ಹೇಳಿತು. ಅದೇ ವರ್ಷ ಅದೇ ಗೇಮ್‌ನಲ್ಲಿ ಬ್ರಿಜೆಟ್ ಪಾತ್ರ ತಾನು ಹೆಣ್ಣು ಅಂತ ಕತೆಯಲ್ಲೇ ಹೇಳಿಕೊಂಡಿತು. ಬರೀ ವೇಷವಾಗಿ ಶುರುವಾದದ್ದು ಇಪ್ಪತ್ತು ವರ್ಷದಲ್ಲಿ ಪಾತ್ರದ ಬದುಕೇ ಆಯಿತು. ಇದು ನನಗೆ ಇಷ್ಟವಾದ ಬದಲಾವಣೆ.

ಹೆಣ್ಣು ಪಾತ್ರಗಳಿಗೆ ಒಳ್ಳೇ ಪಂಕ್ ವೇಷ ಸಿಕ್ಕಿದೆಯಾ?

ಕಡಿಮೆ. ಹೆಣ್ಣು ಪಾತ್ರ ಅಂದ ಕೂಡಲೇ ಬಟ್ಟೆ ಕತ್ತರಿಸೋದೇ ವಿನ್ಯಾಸ ಅಂದುಕೊಂಡವರು ಜಾಸ್ತಿ. ನನ್ನ ಮಟ್ಟಿಗೆ ‘ಗಿಲ್ಟಿ ಗಿಯರ್’ನ ಐ-ನೋ ಗೆದ್ದಳು. ಕೆಂಪು ಬಟ್ಟೆ, ಮಾಟಗಾತಿಯ ದೊಡ್ಡ ಟೋಪಿ, ಕೈಯಲ್ಲಿ ಗಿಟಾರು. ಅವಳಿಗೆ ಆ ಗಿಟಾರೇ ಆಯುಧ. 2023ರ ‘ಸ್ಟ್ರೀಟ್ ಫೈಟರ್ 6’ರ ಜೂರಿಯ ಬೈಕ್ ಬಟ್ಟೆಯೂ ಚೆನ್ನಾಗಿದೆ.

‘ಸ್ಟ್ರೀಟ್ ಫೈಟರ್’ನ ರೆಮಿ ಇಯೋರಿಯ ಕಾಪಿನಾ?

1999ರ ‘ಸ್ಟ್ರೀಟ್ ಫೈಟರ್ 3: ಥರ್ಡ್ ಸ್ಟ್ರೈಕ್’ನ ರೆಮಿ ನೋಡಿದರೆ ಯಾರಿಗಾದರೂ ಹಾಗೆ ಅನ್ನಿಸುತ್ತೆ. ಉದ್ದ ಕೂದಲು, ಚರ್ಮದ ಬಟ್ಟೆ, ಯಾವಾಗಲೂ ದುಃಖ. ಆದರೆ ಆಡುವ ರೀತಿ ಅದೇ ಸರಣಿಯ ಸೈನಿಕ ಗೈಲ್‌ನದು. ಸೈನಿಕನ ಆಟಕ್ಕೆ ಬ್ಯಾಂಡಿನವನ ಬಟ್ಟೆ. ಇಬ್ಬರಿಗೂ ಸರಿಹೋಗಲಿಲ್ಲ ಅಂತ ನನ್ನ ಲೆಕ್ಕ.

‘ಟೆಕ್ಕನ್’ನಲ್ಲಿ?

‘ಟೆಕ್ಕನ್ 3’ರ ಹ್ವೊರಾಂಗ್ ಬೈಕ್ ಹುಡುಗ, ಪಂಕ್ ಅಲ್ಲ. ಅದರ ನಿಜವಾದ ಕೊಡುಗೆ ಬೇರೆ. ‘ಟೆಕ್ಕನ್ 5’ರಿಂದ ಆಡುವವರೇ ಪಾತ್ರಕ್ಕೆ ಬಟ್ಟೆ ಬದಲಾಯಿಸಬಹುದಾಯಿತು. ಅಲ್ಲಿಂದ ಯಾರು ಬೇಕಾದರೂ ಪಂಕ್.

ಇಯೋರಿಗೆ ಹೊಸ ಬಟ್ಟೆ ಕೊಟ್ಟಾಗ ಜನ ಯಾಕೆ ಅಷ್ಟು ಸಿಟ್ಟಾದರು?

2009ರ ‘ಕೆಒಎಫ್ 12’ರಲ್ಲಿ ಬಟ್ಟೆಯ ಜೊತೆ ಬೆಂಕಿಯನ್ನೂ ಕಿತ್ತುಕೊಂಡಿದ್ದರು. ಕತೆಯಲ್ಲಿ ಕಾರಣ ಇತ್ತು: ಆಶ್ ಅವನ ಶಕ್ತಿ ಕದ್ದಿದ್ದ. ಉಗುರಿನಿಂದ ಸೀಳುವ ಹೊಸ ಆಟ ನಿಜಕ್ಕೂ ಚೆನ್ನಾಗಿತ್ತು, ನನಗೆ ಈಗಲೂ ಇಷ್ಟ. ಆದರೆ ಹದಿನಾಲ್ಕು ವರ್ಷ ಅದೇ ಹೊರಗೆರೆ ನೋಡಿದವರಿಗೆ ಬೇರೆ ಯಾರೋ ಬಂದು ನಿಂತ ಹಾಗಾಯಿತು. ಕೊನೆಗೆ ‘ಕೆಒಎಫ್ 13’ಕ್ಕೆ ಹಳೇ ಬಟ್ಟೆ, ನೇರಳೆ ಬೆಂಕಿ ಇರುವ ಇಯೋರಿಯನ್ನು ಬೇರೆ ಪಾತ್ರವಾಗಿ ಮಾರಿದರು. ಜನ ಕೊಂಡರು.

ಬೆಂಗಳೂರು ಕಾಮಿಕ್ ಕಾನ್‌ಗೆ ಇಯೋರಿ ವೇಷ ಹಾಕಬೇಕು. ಏನು ಗಮನಿಸಲಿ?

ಜಾಕೆಟ್ ಸೊಂಟಕ್ಕಿಂತ ಮೇಲೆ ನಿಲ್ಲಬೇಕು, ಒಳಗಿನ ಬಿಳಿ ಅಂಗಿ ಕೆಳಗೆ ಉದ್ದ ಇಳಿಯಬೇಕು. ಈ ಅಳತೆ ತಪ್ಪಿದರೆ ಎಷ್ಟು ಕೆಂಪು ವಿಗ್ ಹಾಕಿದರೂ ಇಯೋರಿ ಆಗಲ್ಲ. ಕೆಂಪು ಪ್ಯಾಂಟಿಗೆ ದಪ್ಪ ಡ್ರಿಲ್ ಬಟ್ಟೆ ತಗೊಳ್ಳಿ. ಹೊಳೆಯುವ ಬಟ್ಟೆ ಬೇಡ, ಫೋಟೋದಲ್ಲಿ ನಾಟಕದ ಸೆಟ್ಟಿನ ಹಾಗೆ ಕಾಣುತ್ತೆ. ಚಂದ್ರನನ್ನು ಬಿಳಿ ರೆಕ್ಸಿನ್‌ನಲ್ಲಿ ಕತ್ತರಿಸಿ ಹೊಲಿಸಬಹುದು.

ಕಾಲಿನ ಪಟ್ಟಿಯ ವಿಷಯದಲ್ಲಿ ಮಾತ್ರ ಹಟ ಬೇಡ. ಎರಡೂ ತುದಿಗೆ ಗಟ್ಟಿ ಹೊಲಿಗೆ ಹಾಕಿಸಬೇಡಿ. ಒಂದು ತುದಿಗೆ ಟಿಚ್ ಬಟನ್ ಇಡಿಸಿ. ಯಾರಾದರೂ ತುಳಿದರೆ, ಎಸ್ಕಲೇಟರಿಗೆ ಸಿಕ್ಕರೆ ತಾನಾಗಿ ಬಿಚ್ಚಿಕೊಳ್ಳಬೇಕು. ಮೆಟ್ಟಿಲಿನಲ್ಲಿ ನೀವೇ ಬಿಚ್ಚಿ, ಫೋಟೋಗೆ ನಿಲ್ಲುವಾಗ ಹಾಕಿಕೊಳ್ಳಿ. ಮೊನೆ ಇರುವ ಲೋಹದ ಮೊಳೆಗಳ ಬದಲು ಪ್ಲಾಸ್ಟಿಕ್ಕಿನವು ಸಾಕು. ಕೂದಲು ಕಣ್ಣಿಗೆ ಬಿದ್ದಿರುತ್ತೆ, ಒಂದು ಕಡೆ ಏನೂ ಕಾಣಲ್ಲ. ಜೊತೆಗೊಬ್ಬರನ್ನು ಕರ್ಕೊಂಡು ಹೋಗಿ.

ವೇಷ ನೋಡೋಕಂತಲೇ ಆಡೋದಾದ್ರೆ ಯಾವ ಗೇಮ್?

‘ಕೆಒಎಫ್ 97’, ‘ಕೆಒಎಫ್ 13’, ‘ಗಿಲ್ಟಿ ಗಿಯರ್ ಸ್ಟ್ರೈವ್’, ಈ ಕ್ರಮದಲ್ಲಿ. ಮೊದಲನೆಯದರಲ್ಲಿ ಚುಕ್ಕಿ ಎಣಿಸಬಹುದು. ಎರಡನೆಯದರಲ್ಲಿ 3ಡಿ ಮಾದರಿ ಇಟ್ಟುಕೊಂಡು ಅದರ ಮೇಲೆ ಚುಕ್ಕಿ ಚುಕ್ಕಿಯಾಗಿ ಬರೆದಿದ್ದಾರೆ, ಬಟ್ಟೆಯ ಮಡಿಕೆ ಅಷ್ಟು ಚೆನ್ನಾಗಿ ಬೇರೆಲ್ಲೂ ಬಂದಿಲ್ಲ. ಮೂರನೆಯದು ಬೆಲ್ಟ್ ಪ್ರಿಯರಿಗೆ.

ಮೊಬೈಲಿನಲ್ಲಿ ಆಡಿದರೆ ಸಾಕಾ?

ಆಡಬಹುದು. ಆದರೆ ಪರದೆ ಮೇಲಿನ ಬಟನ್ನುಗಳ ಮೇಲೆ ನಿಮ್ಮ ಹೆಬ್ಬೆರಳು ಕೂತು ಅರ್ಧ ಪ್ಯಾಂಟು ಮುಚ್ಚಿಹೋಗುತ್ತೆ. ಬ್ಲೂಟೂತ್ ಕಂಟ್ರೋಲರ್ ಒಂದು ಜೋಡಿಸಿಕೊಳ್ಳಿ.
​